ನೂರ ಹದಿನೈದರ ಜೆಟ್ಟು

ಮೊಖೊಟ್ಲಾಂಗಿನಲ್ಲಿ ಬೆಳಗಾದರೆ ಬೈಕಿಗೂ ಕೆಮ್ಮು.
ಇನ್ನೂರು ಸಿಸಿ, ಬಿಳಿ ಟ್ಯಾಂಕು, ಕೊಕ್ಕಿನಂಥ ಮಡ್‌ಗಾರ್ಡು,
ಡಾಂಬರಿಗೂ ಸೈ, ಕಲ್ಲುದಾರಿಗೂ ಸೈ
ಅಂತ ಪುಸ್ತಿಕೆಯಲ್ಲಿ ಬರೆದಿತ್ತು.
ಕಡಲ ಮಟ್ಟದ ಯಾವುದೋ ಕಾರ್ಖಾನೆಯಲ್ಲಿ
ಎದೆ ತುಂಬ ಗಾಳಿ ಕುಡಿದವರು ಬರೆದದ್ದು.
ಇಲ್ಲಿ ಗಾಳಿ ಸಿಗುವುದು ಅಳೆದು ಸುರಿದು,
ತಿಂಗಳ ಕೊನೆಯ ಮೆಕ್ಕೆಜೋಳದ ಹಿಟ್ಟಿನ ಹಾಗೆ.

ಏರಿನಲ್ಲಿ ಎರಡನೇ ಗೇರಿಗೂ ಏದುಸಿರು.
ಮಂಗಳವಾರ, ಕತ್ತೆಯ ಮೇಲೆ ಕೂತ ಹುಡುಗನೊಬ್ಬ
ನನ್ನನ್ನು ಹಿಂದೆ ಹಾಕಿ
ಕಂಬಳಿಯೊಳಗಿಂದ ಕತ್ತು ತಿರುಗಿಸಿ ನಕ್ಕ.
ಆಸ್ಪತ್ರೆಯ ಡಬ್ಬಿ ಹೊತ್ತವಳು ನಾನು;
ಮರ್ಯಾದೆ ಹೋದರೆ ಹೋಗಲಿ,
ಹೊತ್ತು ಹೋಗಬಾರದು.

ನ್ತಾತೆ ಸೆಖೊನ್ಯಾನ ಮೊದಲು ಕೇಳಿದ್ದು ಪ್ಲಗ್ಗು.
(ನ್ತಾತೆ ಅಂದರೆ ಅಪ್ಪ. ಇಲ್ಲಿ ನರೆತ ತಲೆಗಳೆಲ್ಲ ಅಪ್ಪಂದಿರೇ.)
ಅಂಗೈಲಿಟ್ಟು ಉಜ್ಜಿದ. ಬೆರಳಿಡೀ ಮಸಿ.
"ನೋಡು ಖೌಹೆಲೊ, ಉಣ್ಣೋದು ಜಾಸ್ತಿ, ಉಸಿರಾಡೋದು ಕಮ್ಮಿ.
ಇದಕ್ಕೆ ಬೇಕಾದ್ದು ಬಲ ಅಲ್ಲ,
ಹಸಿವು."

ಏರ್‌ಬಾಕ್ಸಿನ ಮೂತಿಯ ರಬ್ಬರ್ ಕೊಳವೆ ಕಿತ್ತು
ನಾಯಿಗೆ ಎಸೆದ. ಅದು ಮೂಸಿ ಬಿಟ್ಟಿತು.
ಸ್ಕ್ರೂ ಯಾರೂ ಮುಟ್ಟಬಾರದೆಂದು ಮೇಲೆ ಬಡಿದಿದ್ದ
ಹಿತ್ತಾಳೆಯ ಬಿಲ್ಲೆಯನ್ನು ಕೈಡ್ರಿಲ್ಲಿನಲ್ಲಿ,
ಹಾಲುಹಲ್ಲು ಕೀಳುವಷ್ಟು ಮೆತ್ತಗೆ, ಎಬ್ಬಿಸಿದ.
ಸೂಜಿಯ ಕ್ಲಿಪ್ಪು ಒಂದು ಗೀರು ಮೇಲಕ್ಕೆ.
ನೂರ ಇಪ್ಪತ್ತೈದರ ಜೆಟ್ಟು ಹೊರಗೆ,
ನೂರ ಹದಿನೈದರದ್ದು ಒಳಗೆ.
ಬೆಳಕಿಗೆ ಹಿಡಿದರೆ ಎರಡೂ ತೂತು ಒಂದೇ,
ನನ್ನ ಕಣ್ಣಿಗೆ.

ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಮ್ಮಿ ಮಾಡಿ,
"ನನಗೆ ಆರು ಕಮ್ಮಿ, ಆದರೂ ಏರು ಹತ್ತಲ್ಲ" ಎಂದು
ಬಾಯಿ ತೆರೆದು ತೋರಿಸಿದ.

ನಟ್ಟು ನಟ್ಟಿನ ನಡುವೆ ಅವನು ಕೂರುತ್ತಿದ್ದ.
ವೆಲ್ಕಾಮಿನ ಚಿನ್ನದ ಗಣಿ, ಇಪ್ಪತ್ತೆರಡು ವರ್ಷ.
ಚಿನ್ನ ಅವರ ಕಡೆ ಹೋಯಿತು,
ಕಲ್ಲಿನ ಹುಡಿ ಇವನ ಜೊತೆ ಬಸ್ಸು ಹತ್ತಿ ಬಂತು.
ಎದೆಯೊಳಗೆ ಸಣ್ಣಗೆ ಸಿಳ್ಳೆ,
ಎಲ್ಲೋ ಗ್ಯಾಸ್ಕೆಟ್ ಸೋರುವ ಸದ್ದು.
ನಾನು ಟಾರ್ಚನ್ನು ಕಾರ್ಬುರೇಟರಿಗೇ ಹಿಡಿದೆ,
ಅಲ್ಲಿ ನೋಡಲು ಏನೂ ಉಳಿದಿರದಿದ್ದರೂ.

ಕಿಕ್. ಮತ್ತೊಂದು ಕಿಕ್.
ಮೂರನೆಯದಕ್ಕೆ ಹೊತ್ತಿತು; ದನಿಯೇ ಬೇರೆ,
ಮೂಗು ಬಿಟ್ಟ ಮಗುವಿನ ಅಳುವಿನ ಹಾಗೆ, ಬಿಚ್ಚಿ.
ಕತ್ತೆಯ ತಿರುವಿನಲ್ಲಿ ಮೂರನೇ ಗೇರು,
ಮೂರರಲ್ಲೇ ದಾಟಿತು!
ಕತ್ತೆ ಇರಲಿಲ್ಲ, ಹುಡುಗನೂ ಇರಲಿಲ್ಲ.
ಗೆದ್ದದ್ದನ್ನು ನೋಡಲು ಯಾರೂ ಇಲ್ಲದೆ
ಒಬ್ಬಳೇ ಹಾರ್ನ್ ಒತ್ತಿದೆ.

ಮರಳಿ ಬಂದು ಬಿಚ್ಚಿದರೆ
ಪ್ಲಗ್ಗಿನ ತುದಿ ಸುಟ್ಟ ರೊಟ್ಟಿಯ ಕಂದು.
ದುಡ್ಡು ಬೇಡವೆಂದ. ಹಳೆಯ ಜೆಟ್ಟು ಕೈಗಿಟ್ಟ:
"ಇಟ್ಟುಕೋ. ಕಡಲಿಗೆ ಇಳಿದ ದಿನ ಮತ್ತೆ ಹಾಕು.
ಅಲ್ಲಿ ಗಾಳಿ ಬಲು ದಪ್ಪ ಅಂತೆ."

ಕಡಲನ್ನು ನಾನು ಕಂಡಿಲ್ಲ. ಅವನೂ ಕಂಡಿಲ್ಲ.

ಆಮೇಲೆ, ಹೊರಡುವ ಹೊತ್ತಿಗೆ,
ಕೋಟಿನ ಒಳಜೇಬಿನಿಂದ ಪುಟ್ಟ ಬಾಟಲಿ ತೆಗೆದ,
ಮುಚ್ಚಳ ಬಿಗಿದದ್ದು, ಚೀಟಿ ಅಂಟಿಸಿದ್ದು.
"ನರ್ಸಮ್ಮ ಮೂರು ಸಲ ಕೇಳಿದ್ದಳು.
ಬೈಕು ಹತ್ತುತ್ತೋ ಇಲ್ಲವೋ ಅಂತ
ಸುಮ್ಮನಿದ್ದೆ."

ತಂಪು ಡಬ್ಬಿಯಲ್ಲಿ ಆವತ್ತು ಹದಿನಾಲ್ಕು ಕಫ,
ಅವನದು ಹದಿನೈದು.
ಏರಿನುದ್ದಕ್ಕೂ ಎಂಜಿನ್ನು
ಸಿಕ್ಕಷ್ಟೇ ಗಾಳಿಯನ್ನು ಪೂರ್ತಿ ಉಸಿರಾಡುತ್ತಿತ್ತು.
ನಾನು ಥ್ರಾಟಲ್ ಬಿಡಲಿಲ್ಲ.